ಆತ್ಮವನ್ನು ತಕ್ಕಡಿಗೆ ಹಾಕುವ ಮುನ್ನ

(ಜಯನಗರದ ಓದುಗರೊಬ್ಬರ ಪತ್ರದ ಸಾರ: "ಆತ್ಮದ ತೂಕ 21 ಗ್ರಾಂ ಎಂದು ಅಮೆರಿಕದ ವೈದ್ಯರೇ ಅಳೆದಿದ್ದಾರೆ. ಸೃಷ್ಟಿಯ ಬಗ್ಗೆ ವೇದ ಹೇಳಿದ್ದನ್ನೇ ಈಗ ವಿಜ್ಞಾನವೂ ಹೇಳುತ್ತಿದೆ. ಪಿಯುಸಿ ಓದುವ ನನ್ನ ಮೊಮ್ಮಗಳೂ ಒಪ್ಪುತ್ತಾಳೆ. ನಿಮಗೇನು ಅಡ್ಡಿ?")

ನಾಲ್ಕು ಪುಟ, ಅದೂ ಕೈಬರಹದಲ್ಲಿ ಬರೆದಿದ್ದೀರಿ. ಅದಕ್ಕೊಂದು ನಮಸ್ಕಾರ. ನಿಮ್ಮ ಶ್ರದ್ಧೆಗೆ ನನ್ನ ಅಡ್ಡಿಯಿಲ್ಲ. ಸಾವಿನ ಮನೆಯಲ್ಲಿ ಅದು ಕೊಡುವ ಸಮಾಧಾನವನ್ನು ಯಾವ ದೂರದರ್ಶಕವೂ ಕೊಡದು. ತಕರಾರಿರುವುದು ಆ 21 ಗ್ರಾಂ ಬಗ್ಗೆ.

ಡಂಕನ್ ಮ್ಯಾಕ್‌ಡೂಗಲ್ ಎಂಬ ವೈದ್ಯರು 1907ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಸಾಯುತ್ತಿದ್ದ ಆರು ಜನರನ್ನು ಮಂಚದ ಸಮೇತ ತೂಗಿದರು. ಇಬ್ಬರ ಅಳತೆಯನ್ನು ಅವರೇ ಕೈಬಿಟ್ಟರು. ಇನ್ನಿಬ್ಬರ ತೂಕ ಸತ್ತು ಕೆಲವು ನಿಮಿಷವಾದ ಮೇಲೂ ಇಳಿಯಿತು. ಮುಕ್ಕಾಲು ಔನ್ಸ್, ಅಂದರೆ ನಿಮ್ಮ 21 ಗ್ರಾಂ, ಸಿಕ್ಕಿದ್ದು ಮೊದಲನೆಯವರೊಬ್ಬರಲ್ಲಿ. ಆ ರೋಗಿ ಬದುಕಿದ್ದಾಗಲೇ ಬೆವರು, ಉಸಿರಿನ ತೇವ ಆರಿ ಗಂಟೆಗೆ ಒಂದು ಔನ್ಸ್ ಕಳೆದುಕೊಳ್ಳುತ್ತಿದ್ದರು. ತಕ್ಕಡಿಗೆ ಐದಾರು ಗ್ರಾಂಗಿಂತ ಕಡಿಮೆಯ ವ್ಯತ್ಯಾಸ ತಿಳಿಯುತ್ತಲೇ ಇರಲಿಲ್ಲ. 15 ನಾಯಿಗಳನ್ನೂ ತೂಗಿದರು. ತೂಕ ಇಳಿಯಲಿಲ್ಲ, ಹಾಗಾಗಿ ನಾಯಿಗೆ ಆತ್ಮವಿಲ್ಲ ಎಂಬ ಕಡೆಗೆ ವಾಲಿದರು. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೂ ಹೋದ ನಾಯಿಯ ಕಥೆ ಕೇಳಿ ಬೆಳೆದ ನೀವು ಇದನ್ನೂ ಒಪ್ಪುತ್ತೀರಾ, ಸ್ವಾಮಿ?

ಎಚ್ಚರದ ಅಳತೆ ಹೇಗಿರುತ್ತದೆ ಎಂದು ನೋಡಲು ಈಗ ನಮ್ಮ ಸದಾಶಿವನಗರಕ್ಕೆ ಬನ್ನಿ, ರಾಮನ್ ಸಂಶೋಧನಾ ಸಂಸ್ಥೆಗೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಹೈಡ್ರೋಜನ್ ಅನಿಲದ ಗುರುತು ರೇಡಿಯೋ ಅಲೆಗಳಲ್ಲಿ 78 ಮೆಗಾಹರ್ಟ್ಸ್ ಆವರ್ತನದ ಬಳಿ ಸಿಕ್ಕಿತು ಎಂದು 2018ರಲ್ಲಿ ಎಡ್ಜಸ್ ಎಂಬ ಖಗೋಳ ವಿಜ್ಞಾನಿಗಳ ತಂಡ ಆಸ್ಟ್ರೇಲಿಯಾದಲ್ಲಿಟ್ಟ ಆಂಟೆನಾದ ಆಧಾರದಲ್ಲಿ ಸಾರಿತು. ಗುರುತಿನ ಆಳ ಅರ್ಧ ಕೆಲ್ವಿನ್ (ರೇಡಿಯೋ ಅಲೆಯ ಬಲವನ್ನು ಉಷ್ಣತೆಯ ಈ ಏಕಮಾನದಲ್ಲೇ ಹೇಳುತ್ತಾರೆ). ಅದೇ ಆವರ್ತನದಲ್ಲಿ ಆಕಾಶಗಂಗೆಯ ರೇಡಿಯೋ ಗದ್ದಲ ಸಾವಿರ ಕೆಲ್ವಿನ್ ಮೀರುತ್ತದೆ. ಬೆಂಗಳೂರಿನವರು ತಮ್ಮ ಸರಸ್-3 ಆಂಟೆನಾವನ್ನು ನೆಲದ ಮೇಲಿಡಲಿಲ್ಲ. ಮಣ್ಣು, ಬಂಡೆ, ತೇವದ ಪದರಗಳು ಒಂದೊಂದು ಆವರ್ತನವನ್ನು ಒಂದೊಂದು ಬಗೆಯಲ್ಲಿ ಹಿಂದಕ್ಕೆ ಎಸೆದು ಇಲ್ಲದ ಗುರುತನ್ನೇ ಹುಟ್ಟಿಸಿಬಿಡುತ್ತವೆ. ಕೆಳಗೆ ನೀರಿದ್ದರೆ ಆ ಕಾಟ ತಪ್ಪುತ್ತದೆ. ಎಫ್‌ಎಂ ರೇಡಿಯೋ ಶುರುವಾಗುವುದೇ 88 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, 78ಕ್ಕೆ ತೀರ ಹತ್ತಿರ, ಆದ್ದರಿಂದ ಊರಿನಿಂದ ದೂರದ ನೀರೇ ಬೇಕು. 2020ರಲ್ಲಿ ತೆಪ್ಪದ ಮೇಲೆ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಗುರುತು ಕಾಣಲಿಲ್ಲ. ಶೇಕಡಾ 95.3 ವಿಶ್ವಾಸದೊಂದಿಗೆ ಎಡ್ಜಸ್ ತಂಡ ಸಾರಿದ್ದನ್ನು ತಳ್ಳಿಹಾಕಿ 2022ರಲ್ಲಿ ಪ್ರಕಟಿಸಿದರು. 'ಇಲ್ಲ' ಎನ್ನುವುದಕ್ಕೆ ಇಷ್ಟು ಪಾಡು!

ವೇದದ ಮಾತಿಗೆ ಬರೋಣ. ನೀವು ಉದಾಹರಿಸಿದ, ಸೃಷ್ಟಿಯ ಬಗ್ಗೆ ಋಗ್ವೇದದಲ್ಲಿರುವ ನಾಸದೀಯ ಸೂಕ್ತದ ಕೊನೆಯ ಸಾಲನ್ನೇಕೆ ಬಿಟ್ಟಿರಿ? ಪರಮ ವ್ಯೋಮದಲ್ಲಿ ಕೂತು ಇದನ್ನೆಲ್ಲ ನೋಡುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಎನ್ನುತ್ತದೆ ಅದು. ಇಷ್ಟು ಗಟ್ಟಿ ಎದೆಯ ಮಾತಿಗೆ ಮಹಾಸ್ಫೋಟದ (ಬಿಗ್ ಬ್ಯಾಂಗ್) ಸರ್ಟಿಫಿಕೇಟ್ ತಂದು ಅಂಟಿಸಬೇಕೆ? ಮಹಾಸ್ಫೋಟದ ಕಲ್ಪನೆಗೆ ಬುನಾದಿ ಹಾಕಿದ ವಿಜ್ಞಾನಿ ಲೆಮೆತ್ರ್ ಸ್ವತಃ ಪಾದ್ರಿ. 1951ರಲ್ಲಿ ಪೋಪ್ ಅದನ್ನು ಸೃಷ್ಟಿಕರ್ತನಿಗೆ ಸಾಕ್ಷಿಯಾಗಿ ಎತ್ತಿ ಹಿಡಿದಾಗ ಲೆಮೆತ್ರ್ ಅವರಿಗೇ ಇರುಸುಮುರುಸಾಯಿತು.

ಇಂಥ ಮಾತುಗಳನ್ನು ಹರಡುವ ವಾಟ್ಸಾಪ್ ಅನ್ನು ಬೈದು ಪ್ರಯೋಜನವಿಲ್ಲ. ಅಳತೆಯ ಮೇಲಿನ ಅಸಡ್ಡೆಯನ್ನು ನಾವು ಪ್ರಯೋಗಾಲಯದಲ್ಲೇ ಕಲಿಸುತ್ತೇವೆ: ಮೊದಲು ಉತ್ತರ, ಆಮೇಲೆ ರೀಡಿಂಗ್. ಮೊಮ್ಮಗಳ ರೆಕಾರ್ಡ್ ಪುಸ್ತಕ ತರಿಸಿ ನೋಡಿ. ಸರಳ ಲೋಲಕದಲ್ಲಿ ಗುರುತ್ವ 9.8 ಎಂದು ಅಚ್ಚುಕಟ್ಟಾಗಿ ಬಂದಿರುತ್ತದೆ. ಎಷ್ಟು ಆಂದೋಲನ ಎಣಿಸಿದೆ, ಸ್ಟಾಪ್‌ವಾಚ್ ಯಾರ ಕೈಯಲ್ಲಿತ್ತು ಎಂದು ಕೇಳಿ.

— ಸಂಪಾದಕ