‘ನೋವೆಂಬ ವರದಾನ’ ಏಕೆ ಪ್ರಕಟವಾಗುತ್ತಿಲ್ಲ

ಆತ್ಮೀಯ ಸೋದರಿ,

ನಮಸ್ಕಾರ. ನಿಮ್ಮ ‘ನೋವೆಂಬ ವರದಾನ’ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ‘ಸ್ಥಳಾಭಾವದಿಂದ’ ಎಂಬ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದಿರಲು ಕಾರಣ ಎರಡನೆಯ ಪುಟದ ಕೆಳಭಾಗದಲ್ಲಿರುವ ನಾಲ್ಕಾರು ವಾಕ್ಯಗಳು. ಅವನ್ನು ಬರೆದವರಿಗೆ ಬರೆಯಲು ಬರುತ್ತದೆ. ಉಳಿದ ಪುಟಗಳನ್ನು ಬೇರೆ ಯಾರೋ ಬರೆದುಕೊಟ್ಟಂತಿದೆ.

ಆ ವಾಕ್ಯಗಳಲ್ಲಿರುವುದು ಇಷ್ಟು: ತಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದಕ್ಕಾಗಿ ಎಡ ಮುಂಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ನಿಮ್ಮ ತಾಯಿ ಬೆಳಿಗ್ಗೆ ಜಪಮಾಲೆ ಮುಗಿಸಿ, ಅದೇ ಬೆರಳುಗಳನ್ನು ಮಗನ ಕೈಮೇಲಿಡುತ್ತಾರೆ. ನಾಳ ಮುಚ್ಚಿಲ್ಲವೆಂಬ ಗುರುತಾಗಿ ಚರ್ಮದ ಕೆಳಗೆ ರಕ್ತ ಗುಂಯ್‌ಗುಡುವುದು ಬೆರಳಿಗೆ ತಾಗಿದ ಮೇಲೆಯೇ ಒಲೆ ಹಚ್ಚಲು ಏಳುತ್ತಾರೆ. ಅವನು ದಿನಕ್ಕೆ ಕುಡಿಯಬಹುದಾದಷ್ಟೇ ನೀರನ್ನು ಸ್ಟೀಲ್ ಚೊಂಬಿನಲ್ಲಿ ಅಳೆದಿಟ್ಟು, ಬಡಿಸಿದ ಸಾರಿನಷ್ಟನ್ನೂ ಅದರಿಂದ ಕಳೆಯುತ್ತಾರೆ. ಇದನ್ನು ಓದಿ ನಾನು ನಿಂತೆ. ನೀವು ನಿಲ್ಲಲಿಲ್ಲ. ಮರುಸಾಲಿನಲ್ಲೇ ‘ದೇವರು ಪ್ರೀತಿಸುವವರನ್ನೇ ಪುಟಕ್ಕೆ ಹಾಕುತ್ತಾನೆ’ ಎಂದು ಬರೆದು, ಆ ತಾಯಿಯನ್ನು ಅಡುಗೆಮನೆಯಲ್ಲೇ ಬಿಟ್ಟು ಮುಂದೆ ಹೋಗಿಬಿಟ್ಟಿರಿ. ಮತ್ತೆ ಅವರು ಲೇಖನದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ನನ್ನ ತಕರಾರು ನಿಮ್ಮ ನಂಬಿಕೆಯ ಮೇಲಲ್ಲ. ನಾನು ಕ್ರೈಸ್ತನಲ್ಲ. ಬೈಬಲನ್ನು ಓದಿರುವುದು ಹೆಚ್ಚಾಗಿ ಅದರ ಕನ್ನಡದ ಆಸೆಗೆ. ಆದರೂ ನೀವು ಆಧಾರವಾಗಿ ಹಿಡಿದ ಯೋಬನ ಗ್ರಂಥವನ್ನು, ಆಸ್ತಿಯನ್ನೂ ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ನೀತಿವಂತನೊಬ್ಬನ ಆ ಕಥೆಯನ್ನು, ಮತ್ತೆ ತೆಗೆದು ನೋಡಿದಾಗ ನನಗನಿಸಿದ್ದು, ಆ ಗ್ರಂಥಕ್ಕೆ ನಿಮ್ಮಷ್ಟು ಅವಸರವಿಲ್ಲ. ಅದರಲ್ಲಿ 42 ಅಧ್ಯಾಯಗಳಿವೆ. ನೀವು ಮೊದಲೆರಡನ್ನು ಓದಿ ನೇರವಾಗಿ ಕೊನೆಯದಕ್ಕೆ ಹಾರಿದ್ದೀರಿ. ನಡುವೆ ಮನುಷ್ಯ ಬೂದಿಯಲ್ಲಿ ಕುಳಿತು, ಹುಟ್ಟಿದ ದಿನವನ್ನು ಶಪಿಸಿ, ದೇವರ ಜೊತೆ ಜಗಳಕ್ಕೇ ನಿಂತಿದ್ದಾನೆ.

‘ಪುಟಕ್ಕಿಟ್ಟ ಚಿನ್ನ’ದ ಮಾತನ್ನೇ ನೋಡಿ. ಅದು ಸಾಂತ್ವನದ ಮಾತೆಂದು ನೀವು ಮೂರು ಕಡೆ ಬಳಸಿದ್ದೀರಿ. ಯೋಬ ಅದನ್ನು ಹೇಳುವುದು 23ನೆಯ ಅಧ್ಯಾಯದಲ್ಲಿ. ದೇವರು ಎಲ್ಲಿದ್ದಾನೆಂದು ಗೊತ್ತಾದರೆ ಅವನ ಆಸನದವರೆಗೂ ಹೋಗಿ ನನ್ನ ವ್ಯಾಜ್ಯ ಮಂಡಿಸುತ್ತಿದ್ದೆ ಎನ್ನುತ್ತಾನೆ. ಮೂಡಲಿಗೆ ಹೋದರೂ ಸಿಗುವುದಿಲ್ಲ, ಪಡುವಲಿಗೆ ಹೋದರೂ ಕಾಣುವುದಿಲ್ಲ ಎನ್ನುತ್ತಾನೆ. ಅದರ ಬೆನ್ನಿಗೇ, ನನ್ನನ್ನು ಶೋಧಿಸಿ ನೋಡಲಿ, ಬಂಗಾರವಾಗಿಯೇ ಹೊರಬರುತ್ತೇನೆ ಎನ್ನುತ್ತಾನೆ. ವಿಚಾರಣೆ ಕೇಳಿಕೊಂಡು ಬಂದ ಕಕ್ಷಿದಾರನ ಮಾತು ಅದು. ಅದರಲ್ಲಿರುವ ಸಿಟ್ಟನ್ನು ಸೋಸಿ ತೆಗೆದರೆ ಉಳಿಯುವುದು ಕ್ಯಾಲೆಂಡರಿನ ಸುಭಾಷಿತ.

ಇನ್ನೊಂದು ತಪ್ಪು ದೊಡ್ಡದು. ‘ದೇವರು ದಂಡಿಸುವ ಮನುಷ್ಯನು ಧನ್ಯನು ಎಂದು ಯೋಬನೇ ಹೇಳಿದ್ದಾನೆ’ ಎಂದು ಬರೆದಿದ್ದೀರಿ. ಯೋಬ ಹೇಳಿಲ್ಲ. ಐದನೆಯ ಅಧ್ಯಾಯದಲ್ಲಿ ಅದನ್ನು ಹೇಳುವವನು ಸ್ನೇಹಿತ ಎಲೀಫಜ. ಅವನೂ ಬಿಲ್ದದನೂ ಚೋಫರನೂ ಮೊದಲು ಏಳು ಹಗಲು ಏಳು ರಾತ್ರಿ ತುಟಿ ಬಿಚ್ಚದೆ ಯೋಬನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆಮೇಲೆ ವಿವರಿಸಲು ಶುರುಮಾಡಿದರು. ಕೊನೆಯ ಅಧ್ಯಾಯದಲ್ಲಿ ದೇವರು ಎಲೀಫಜನ ಮೇಲೆ ಕೋಪಿಸಿಕೊಂಡು, ನನ್ನ ಸೇವಕ ಯೋಬನು ಆಡಿದಂತೆ ನೀವು ನನ್ನ ವಿಷಯದಲ್ಲಿ ಸರಿಯಾದ ಮಾತನ್ನಾಡಲಿಲ್ಲ ಎನ್ನುತ್ತಾನೆ. ದೂರಿದವನಿಗೆ ಶಹಬ್ಬಾಸ್, ದೇವರ ಪರವಾಗಿ ವಕಾಲತ್ತು ವಹಿಸಿದವರಿಗೆ ಛೀಮಾರಿ! ಶಿಕ್ಷಣವಾಗಿ ಬರುವ ನೋವಿನ ಮಾತು ನಿಮಗೆ ಬೇಕೇ ಬೇಕೆಂದಾದರೆ ಬೈಬಲಿನಲ್ಲೇ ಇರುವ, ಇಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯದಿಂದ ತೆಗೆದುಕೊಳ್ಳಿ. ಅದನ್ನು ಯೋಬನ ಬಾಯಿಗೆ ತುರುಕಬೇಡಿ.

‘ಕಳೆದುಕೊಂಡದ್ದೆಲ್ಲ ಎರಡರಷ್ಟಾಗಿ ಮರಳಿತು’ ಎಂಬುದೂ ಪೂರ್ತಿ ಸರಿಯಲ್ಲ. 7,000 ಕುರಿಗಳು 14,000 ಆದವು, 3,000 ಒಂಟೆಗಳು 6,000 ಆದವು. ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು ಮೂರು ಹೆಣ್ಣು. ಸತ್ತ ಹತ್ತು ಮಂದಿ ದೇವರ ಬಳಿ ಇದ್ದಾರೆ, ಆದ್ದರಿಂದ ಅಲ್ಲಿಯೂ ಲೆಕ್ಕ ಎರಡರಷ್ಟೇ ಎನ್ನುವ ವ್ಯಾಖ್ಯಾನಕಾರರಿದ್ದಾರೆ. ಇರಬಹುದು. ಆದರೆ ಆ ಹತ್ತು ಮಂದಿ ಮನೆಗೆ ಬರಲಿಲ್ಲ. ಅದನ್ನು ಹೇಳದೆ ‘ಎಲ್ಲವೂ ಮರಳಿತು’ ಎಂದರೆ ಮಗುವನ್ನು ಕಳೆದುಕೊಂಡ ಓದುಗರು ಪುಟ ಮಗುಚಿಹಾಕುತ್ತಾರೆ.

ಈಗ ಕಹಿ ಮಾತು. ‘ತಮ್ಮನ ಕಾಯಿಲೆ ನಮ್ಮ ಕುಟುಂಬಕ್ಕೆ ದೇವರು ಕಲಿಸಿದ ಪಾಠ’ ಎನ್ನುತ್ತೀರಿ. ಪಾಠ ನಿಮ್ಮೆಲ್ಲರಿಗಂತೆ, ಶುಲ್ಕ ಕಟ್ಟುತ್ತಿರುವವನು ಅವನೊಬ್ಬನೇ. ಪ್ರತಿ ಸಲ ನಾಲ್ಕು ತಾಸು, ಎರಡು ದಪ್ಪ ಸೂಜಿ. ಅವನು ಏನೆನ್ನುತ್ತಾನೆ? ಇಡೀ ಲೇಖನದಲ್ಲಿ ಅವನ ಬಗ್ಗೆ ಅವನದೇ ಅನ್ನಬಹುದಾದ ಒಂದು ವಾಕ್ಯವಿದೆ: ‘ಈಗೀಗ ಅವನು ಪೂಜೆಗೆ ಬರುವುದಿಲ್ಲ.’ ಅದನ್ನು ಆರನೆಯ ಪುಟದಲ್ಲಿ, ಎರಡು ಪ್ರಾರ್ಥನೆಗಳ ನಡುವೆ ಹೂತಿಟ್ಟಿದ್ದೀರಿ. ನನ್ನ ಮಟ್ಟಿಗೆ ಲೇಖನ ಅಲ್ಲಿಂದ ಶುರುವಾಗಬೇಕು. ಬರದಿರುವುದಕ್ಕೆ ಕಾರಣ ಆಯಾಸವೋ ಮುನಿಸೋ? ಭಾನುವಾರ ನೀವೆಲ್ಲ ಚರ್ಚಿಗೆ ಹೊರಟಾಗ ಅವನು ಏನು ಮಾಡುತ್ತಿರುತ್ತಾನೆ? ತಾಯಿ ಅವನನ್ನು ಒತ್ತಾಯಿಸುತ್ತಾರೆಯೇ, ಸುಮ್ಮನಿರುತ್ತಾರೆಯೇ?

ಅವನು ಮುನಿಸಿಕೊಂಡಿದ್ದರೆ ನಿಮ್ಮ ವಿಷಯ ಕೆಟ್ಟುಹೋಗುತ್ತದೆ ಎಂದು ಹೆದರಬೇಡಿ. ನಿಮ್ಮ ಧರ್ಮಗ್ರಂಥವೇ ಅವನ ಪಕ್ಕದಲ್ಲಿದೆ. ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಬಂದ ಯೇಸುವಿಗೆ ಮಾರ್ಥಳೂ ಮರಿಯಳೂ ಬೇರೆಬೇರೆಯಾಗಿ ಹೇಳಿದ್ದು ಒಂದೇ ಮಾತು: ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಯೇಸು ಅವರನ್ನು ಗದರಲಿಲ್ಲ, ಅತ್ತನು. ಬೈಬಲಿನ ಕೀರ್ತನೆಗಳಲ್ಲಿ 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನು ಸಂಕಲನದಿಂದ ಯಾರೂ ತೆಗೆದುಹಾಕಲಿಲ್ಲ. ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ’ ಎಂದು ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪೋಪ್ ಆಗಿದ್ದ ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1984ರ ಫೆಬ್ರವರಿ 11ರಂದು ನೋವಿನ ಕುರಿತು ಹೊರಡಿಸಿದ ಪತ್ರದಿಂದ ಒಂದು ವಾಕ್ಯ ಎತ್ತಿಕೊಂಡಿದ್ದೀರಿ. ಹಿಂದಿನ ಮೂರು ವರ್ಷಗಳೊಳಗೆ ಗುಂಡೇಟು ತಿಂದು ಬದುಕಿಬಂದವರು ಬರೆದ ಪತ್ರ ಅದು. ಎಲ್ಲ ನೋವೂ ತಪ್ಪಿಗೆ ಶಿಕ್ಷೆಯಲ್ಲ ಎಂದು ಅವರು ಯೋಬನನ್ನೇ ಮುಂದಿಟ್ಟು ಹೇಳುತ್ತಾರೆ. ಕೊನೆಗೆ ಅವರು ಬಂದು ತಲುಪುವುದು ಸಮಾರ್ಯದವನ ಕಥೆಗೆ, ಗಾಯಗೊಂಡವನನ್ನು ದಾಟಿ ಹೋಗದೆ ನಿಂತವನ ಬಳಿಗೆ. ನೀವು ಅಲ್ಲಿಯವರೆಗೆ ಓದಿದ್ದರೆ ಸ್ಟೀಲ್ ಚೊಂಬನ್ನು ಇಷ್ಟು ಬೇಗ ಕೆಳಗಿಡುತ್ತಿರಲಿಲ್ಲ. ನಿಮ್ಮ ತಾಯಿ ನೋವಿಗೆ ಅರ್ಥ ಹುಡುಕುತ್ತಿದ್ದಾರೋ ಇಲ್ಲವೋ, ನೀರನ್ನಂತೂ ಅಳೆಯುತ್ತಿದ್ದಾರೆ. ನಿಮ್ಮ ಲೇಖನದಲ್ಲಿ ಅರ್ಥವೆಂಬುದು ಎಲ್ಲಾದರೂ ಇದ್ದರೆ ನನಗೆ ಕಂಡದ್ದು ಅಲ್ಲಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅಗಾಧ’, ‘ಅಪಾರ’, ‘ಅನಂತ’ಗಳನ್ನು ಹೊಡೆದುಹಾಕಿ, ಉದ್ಗಾರ ಚಿಹ್ನೆಗಳನ್ನೂ. ಪ್ರವಚನದಲ್ಲಿ ನಡೆಯುವ ಮಾತು ಅಚ್ಚಿನಲ್ಲಿ ನಡೆಯುವುದಿಲ್ಲ. ‘ವ್ಯಾಧಿಸ್ಥರ ಅಭ್ಯಂಗ’ದಂಥ ಸಂಸ್ಕಾರದ ಹೆಸರು ಬಂದಾಗ ಅಲ್ಲಿ ಏನು ನಡೆಯುತ್ತದೆಂದು ಒಂದು ಸಾಲು ಸೇರಿಸಿ. ನಮ್ಮ ಓದುಗರಲ್ಲಿ ಹೆಚ್ಚಿನವರು ಅದನ್ನು ಕಂಡವರಲ್ಲ. 1,500 ಪದಗಳನ್ನು ಮೀರಬೇಡಿ. ಶೀರ್ಷಿಕೆ ಬದಲಿಸಲೇಬೇಕು. ಡಯಾಲಿಸಿಸ್ ವಾರ್ಡಿನಲ್ಲಿ ನಿಂತು ಗಟ್ಟಿಯಾಗಿ ಓದಲಾಗದ ಶೀರ್ಷಿಕೆ ನಮಗೆ ಬೇಡ.

ಕ್ರಿಸ್‌ಮಸ್ ಸಂಚಿಕೆಗೆಂದು ಧಾವಂತಪಡಬೇಡಿ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಹೊತ್ತಿಗೆ ಬಂದರೂ ಸರಿ. ಕಳಿಸುವ ಮುನ್ನ ತಮ್ಮನಿಗೆ ಓದಲು ಕೊಡಿ. ಅವನು ಹೊಡೆದುಹಾಕಿದ್ದನ್ನು ಮತ್ತೆ ಸೇರಿಸಬೇಡಿ. ಅಚ್ಚಾಗುವುದೇ ಬೇಡ ಎಂದರೆ ನನಗೆ ಒಂದು ಸಾಲು ಬರೆದು ತಿಳಿಸಿ, ಈ ಪ್ರತಿಯನ್ನು ಕಡತದಿಂದ ತೆಗೆದುಹಾಕುತ್ತೇನೆ. ಆಗ ಬೇರೆ ಯಾವುದಾದರೂ ವಿಷಯದ ಮೇಲೆ ಬರೆದು ಕಳಿಸಿ.

ಇತಿ,
ಸಂಪಾದಕ