ಬಾಗಿಲು ಮುಚ್ಚಿದ ದೇಶಕ್ಕೆ ಇಂಗ್ಲಿಷ್ ಮೇಷ್ಟರಾಗಿ ಹೋಗುವ ಮುನ್ನ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಐದು ಪತ್ರಗಳಿಗೆ ಈ ಬಾರಿ ಉತ್ತರ. ಎಲ್ಲವೂ ಒಂದೇ ವಿಷಯದ ಸುತ್ತ ಇವೆ: ಪತ್ರಿಕೆ, ಇಂಟರ್ನೆಟ್, ಓಡಾಟ ಎಲ್ಲದರ ಮೇಲೂ ಸರ್ಕಾರದ ಕೈಯಿರುವ ದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸುವುದು.

ಪ್ರಶ್ನೆ: ನಾನು ಎಂ.ಎ. ಇಂಗ್ಲಿಷ್, ಬಿ.ಇಡಿ. ಪಿಯು ಕಾಲೇಜಿನಲ್ಲಿ ಆರು ವರ್ಷ ಪಾಠ ಮಾಡಿದ್ದೇನೆ. ಆಫ್ರಿಕಾದ ಎರಿಟ್ರಿಯಾ ದೇಶದ ಸರ್ಕಾರಿ ಕಾಲೇಜಿನಲ್ಲಿ ಎರಡು ವರ್ಷದ ಕೆಲಸ ಇದೆ ಎಂದು ಏಜೆಂಟರೊಬ್ಬರು ಒಂದು ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ನಂಬಬಹುದೇ? — ಸಕಲೇಶಪುರದ ಓದುಗರು

ಭಾರತದ ಅಧ್ಯಾಪಕರು ಎರಿಟ್ರಿಯಾದ ಕಾಲೇಜುಗಳಿಗೆ ಹೋಗುವುದು ಹೊಸದಲ್ಲ. ಹಾಗಾಗಿ ಕೆಲಸ ನಿಜವೇ ಇರಬಹುದು. ಆದರೆ ಒಂದು ಲಕ್ಷ ಕೊಡಬೇಡಿ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ಪಟ್ಟಿ ಇದೆ. ಹೆಸರು ಅಲ್ಲಿ ಸಿಗದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.

ಎಸ್ಸೆಸ್ಸೆಲ್ಸಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿಯ ಮುದ್ರೆ ಬೇಕಿಲ್ಲ. ಇದು ಅನುಕೂಲ ಎಂದೇ ಎಲ್ಲರ ಎಣಿಕೆ. ಆದರೆ ಇದರ ಇನ್ನೊಂದು ಅರ್ಥ, ನಿಮ್ಮ ಕರಾರುಪತ್ರವನ್ನು ನಮ್ಮ ಸರ್ಕಾರದ ಕಡೆಯಿಂದ ಯಾರೂ ಓದಿ ನೋಡುವುದಿಲ್ಲ. ಅದನ್ನು ನೀವೇ ಓದಬೇಕು, ನಿಧಾನವಾಗಿ, ಎರಡು ಸಲ.

ಮೊದಲು ನೋಡಬೇಕಾದ್ದು ಸಂಬಳ ಯಾವ ನಾಣ್ಯದಲ್ಲಿ ಎಂಬುದು. ಅಲ್ಲಿನ ಹಣ ನಾಕ್ಫಾ. ಸರ್ಕಾರಿ ದರ ಡಾಲರಿಗೆ 15 ನಾಕ್ಫಾ. ಆ ದೇಶ ದಾಟಿದರೆ ಅದಕ್ಕೆ ಬೆಲೆಯಿಲ್ಲ, ಬೆಂಗಳೂರಿನಲ್ಲಿ ಯಾರೂ ಬದಲಾಯಿಸಿ ಕೊಡುವುದಿಲ್ಲ. ಬ್ಯಾಂಕಿನಿಂದ ತಿಂಗಳಿಗೆ ಇಷ್ಟೇ ತೆಗೆಯಬಹುದು ಎಂಬ ಮಿತಿಯೂ ಬಂದಿದೆ. ಆದ್ದರಿಂದ ಸಂಬಳದಲ್ಲಿ ಎಷ್ಟು ಭಾಗ ಡಾಲರಿನಲ್ಲಿ, ಅದು ಭಾರತದ ಖಾತೆಗೆ ಯಾವ ಬ್ಯಾಂಕಿನ ಮೂಲಕ, ಎಷ್ಟು ತಿಂಗಳಿಗೊಮ್ಮೆ ಬರುತ್ತದೆ ಎಂಬುದು ಬರಹದಲ್ಲಿರಬೇಕು. ‘ಹೋದ ಮೇಲೆ ಮಾಡಿಕೊಡುತ್ತಾರೆ’ ಎಂಬ ಮಾತಿಗೆ ಒಪ್ಪಬೇಡಿ. ಮನೆಯ ಸಾಲದ ಕಂತು ಈ ಸಂಬಳದ ಮೇಲೆ ನಿಂತಿದ್ದರಂತೂ ಬೇಡವೇ ಬೇಡ.

ನಮ್ಮ ಎಟಿಎಂ ಕಾರ್ಡು ಅಲ್ಲಿ ನಡೆಯುವುದಿಲ್ಲ. ನಗದು ಡಾಲರ್ ಒಯ್ಯಬೇಕು. ಭಾರತದಿಂದ ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್ ತನಕ ಒಯ್ಯಬಹುದು. ಅಲ್ಲಿ ಇಳಿದ ಕೂಡಲೇ ಅಷ್ಟನ್ನೂ ಘೋಷಿಸಿ, ಆ ಚೀಟಿಯನ್ನು ಹೊರಡುವ ದಿನದವರೆಗೂ ಪಾಸ್‌ಪೋರ್ಟಿನ ಜೊತೆಗೇ ಇಡಿ. ಬೀದಿಯಲ್ಲಿ ಹೆಚ್ಚಿನ ದರ ಕೊಡುತ್ತೇವೆ ಎನ್ನುವವರು ಸಿಕ್ಕೇ ಸಿಗುತ್ತಾರೆ. ಅದು ಅಪರಾಧ. ವಿದೇಶಿಯನ್ನು ಹಿಡಿಯಲು ಅಷ್ಟು ಸುಲಭದ ಕಾರಣ ಬೇರೊಂದಿಲ್ಲ.

ಕಾಗದಪತ್ರದಲ್ಲಿ ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ನಿಮ್ಮ ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹೊರದೇಶದ ಗುಮಾಸ್ತನ ಕಣ್ಣಿಗೆ ಇವರು ಇಬ್ಬರು ಬೇರೆ ಬೇರೆ ಜನ. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಅನ್ನು ನೋಟರಿಯ ಮುಂದೆ ಮಾಡಿಸಿ, ಇಂಗ್ಲಿಷಿನಲ್ಲೇ ಮಾಡಿಸಿ. ಎರಿಟ್ರಿಯಾ ಹೇಗ್ ಅಪೊಸ್ಟೀಲ್ ಒಪ್ಪಂದದಲ್ಲಿಲ್ಲ, ಹಾಗಾಗಿ ಕಾಗದಪತ್ರ ಅಸಲಿ ಎಂದು ಒಪ್ಪಂದದ ದೇಶಗಳಿಗೆ ಹೇಳುವ ಅಪೊಸ್ಟೀಲ್ ಚೀಟಿ ಅಂಟಿಸಿದರೆ ಸಾಲದು. ಮೊದಲು ರಾಜ್ಯದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ್ದು, ಕೊನೆಗೆ ದೆಹಲಿಯಲ್ಲಿರುವ ಅವರ ರಾಯಭಾರ ಕಚೇರಿಯದ್ದು. ಈ ಸರದಿ ತಪ್ಪಿದರೆ ಮತ್ತೆ ಮೊದಲಿನಿಂದ ಮಾಡಿಸಬೇಕಾಗುತ್ತದೆ.

ಇನ್ನು ಹೊರಗೆ ಬರುವ ದಾರಿ. ಕರಾರು ಮುಗಿಯುವ ಮುಂಚೆ ತಾಯಿಗೋ ತಂದೆಗೋ ಹುಷಾರಿಲ್ಲದಾದರೆ ಊರಿಗೆ ಬರಲು ಯಾರ ಅನುಮತಿ ಬೇಕು, ಎಷ್ಟು ದಿನ ಹಿಡಿಯುತ್ತದೆ, ವಿಮಾನದ ಖರ್ಚು ಯಾರದು, ನಿವಾಸ ಪರವಾನಗಿಗೆಂದು ಪಡೆದ ಪಾಸ್‌ಪೋರ್ಟ್ ಎಂದು ಕೈಗೆ ಬರುತ್ತದೆ? ಈ ನಾಲ್ಕಕ್ಕೂ ಸಹಿ ಮಾಡುವ ಮುನ್ನ ಲಿಖಿತ ಉತ್ತರ ಕೇಳಿ. ಉತ್ತರ ಬರದಿದ್ದರೆ ಹೋಗಬೇಡಿ ಎಂಬುದೇ ನಮ್ಮ ಸಲಹೆ.

ಅಲ್ಲಿನ ರಾಜಧಾನಿ ಅಸ್ಮಾರಾ ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಮೊದಲ ವಾರ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಗಾಬರಿ ಬೇಡ. ಸ್ವೆಟರ್ ಬೇಕು. ನಗರದ ಹೊರಗೆ ಹೋಗಲು ವಿದೇಶಿಯರಿಗೆ ಪರವಾನಗಿ ಬೇಕು, ಭಾನುವಾರದ ಸುತ್ತಾಟಕ್ಕೂ.

ಪ್ರಶ್ನೆ: ಅಂಥ ದೇಶದ ತರಗತಿಯಲ್ಲಿ ಏನು ಮಾತಾಡಬಾರದು? ರಾಜಕೀಯ ಮಾತಾಡದಿದ್ದರೆ ಸಾಕಲ್ಲವೇ? — ಅರಸೀಕೆರೆಯ ಶಿಕ್ಷಕಿ

ಸಾಲದು, ಮೇಡಂ. ತೊಂದರೆ ಬರುವುದು ರಾಜಕೀಯದ ಪಾಠದಿಂದಲ್ಲ, ವ್ಯಾಕರಣದ ಪಾಠದಿಂದ.

ನಾವು ಬಳಸುವ ಇಂಗ್ಲಿಷ್ ಪುಸ್ತಕಗಳ ಉದಾಹರಣೆಗಳನ್ನು ಒಮ್ಮೆ ತಿರುವಿ ನೋಡಿ. ‘ಇಫ್ ಐ ವರ್ ದ ಪ್ರೆಸಿಡೆಂಟ್’ ಎಂದು ಶುರುಮಾಡಿ ವಾಕ್ಯ ಪೂರ್ತಿ ಮಾಡಿಸುತ್ತೇವೆ. 1993ರಲ್ಲಿ ಸ್ವತಂತ್ರವಾದಂದಿನಿಂದ ಒಬ್ಬರೇ ಅಧ್ಯಕ್ಷರಿರುವ, ರಾಷ್ಟ್ರಮಟ್ಟದ ಚುನಾವಣೆಯೇ ನಡೆಯದ ಎರಿಟ್ರಿಯಾದಲ್ಲಿ ಆ ಹುಡುಗ ಏನು ಬರೆಯಬೇಕು? ‘ಹ್ಯಾವ್ ಯು ಎವರ್ ಬೀನ್ ಟು’ ಎಂದು ಊರು, ದೇಶಗಳ ಹೆಸರು ಹೇಳಿಸುತ್ತೇವೆ. ದೇಶ ಬಿಡಲು ಸರ್ಕಾರದ ಅನುಮತಿ ಬೇಕಾದ, ಅನುಮತಿಯಿಲ್ಲದೆ ಗಡಿ ದಾಟಿದ ಅಣ್ಣನೋ ಅಕ್ಕನೋ ಇರುವ ಮಗುವಿಗೆ ಅದು ಬರೀ ವ್ಯಾಕರಣವಲ್ಲ. ‘ಓದು ಮುಗಿದ ಮೇಲೆ ಏನು ಮಾಡುತ್ತೀಯ?’ ಎಂಬ ಭವಿಷ್ಯತ್ಕಾಲದ ಪ್ರಶ್ನೆಯೂ ಹಾಗೆಯೇ. ಅಲ್ಲಿ 1995ರಿಂದ ಕಡ್ಡಾಯ ರಾಷ್ಟ್ರಸೇವೆ ಇದೆ. ಎಲ್ಲಿ ಕೆಲಸ ಎಂಬುದನ್ನು ಸರ್ಕಾರ ಹೇಳುತ್ತದೆ. ಹನ್ನೆರಡನೇ ತರಗತಿಯನ್ನೇ ಮಕ್ಕಳು ಸಾವಾ ಎಂಬ ಸೇನಾ ಶಿಬಿರದಲ್ಲಿ ಓದುತ್ತಾರೆ. ಹಾಗಾಗಿ ‘ಶಾಲೆಯ ಕೊನೆಯ ವರ್ಷದ ನೆನಪು’ ಎಂಬ ಪ್ರಬಂಧವನ್ನೂ ಬಿಡಿ.

ನೀವು ತಪ್ಪು ಮಾಡಿದರೆ ನಿಮ್ಮನ್ನು ವಾಪಸು ಕಳುಹಿಸಬಹುದು. ನಿಮ್ಮ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟ ವಿದ್ಯಾರ್ಥಿಗೆ ಹೋಗಲು ಬೇರೆ ಊರಿಲ್ಲ. ಪಾಠದ ಟಿಪ್ಪಣಿ ಬರೆದಾದ ಮೇಲೆ ಪ್ರತಿ ಪ್ರಶ್ನೆಯನ್ನೂ ಹೀಗೆ ಪರೀಕ್ಷಿಸಿ: ಇದಕ್ಕೆ ನಿಜ ಹೇಳಿದರೆ ಮಗುವಿಗೆ ತೊಂದರೆ, ಸುಳ್ಳು ಹೇಳಿದರೆ ಸುರಕ್ಷಿತ ಎಂದಾಗುತ್ತದೆಯೇ? ಆಗುವುದಾದರೆ ಪ್ರಶ್ನೆ ಹೊಡೆದುಹಾಕಿ.

ಹಾಗಾದರೆ ಕಲಿಸುವುದು ಯಾವುದರಿಂದ? ಅವರ ಕೈಯಲ್ಲಿ, ಅಡುಗೆಮನೆಯಲ್ಲಿ ಇರುವುದರಿಂದ. ಕರ್ಮಣಿ ಪ್ರಯೋಗಕ್ಕೆ ಕಾಫಿಯಷ್ಟು ಒಳ್ಳೆಯ ಪಾಠ ಇಲ್ಲ. ಅಲ್ಲಿ ಅತಿಥಿ ಬಂದ ಮೇಲೆಯೇ ಹಸಿ ಬೀಜ ತೊಳೆದು, ಕೆಂಡದ ಮೇಲೆ ಸಣ್ಣ ಬಾಣಲೆಯಲ್ಲಿ ಹುರಿದು, ಆ ಹೊಗೆಯನ್ನು ಕೂತವರ ಮುಂದೆ ತಂದು ವಾಸನೆ ತೋರಿಸಿ, ಒರಳಲ್ಲಿ ಕುಟ್ಟಿ, ಜೆಬೆನಾ ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಫಿಂಜಾಲ್ ಎಂಬ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸುತ್ತಾರೆ. ಅದೇ ಪುಡಿಗೆ ನೀರು ಹಾಕಿ ಮೂರು ಸುತ್ತು ಕಾಯಿಸುತ್ತಾರೆ. ತೊಳೆಯಲಾಯಿತು, ಹುರಿಯಲಾಯಿತು, ಕುಟ್ಟಲಾಯಿತು, ಸುರಿಯಲಾಯಿತು ಎಂದು ಹತ್ತು ವಾಕ್ಯ ತಾನಾಗಿ ಬರುತ್ತದೆ. ಬಾಬಾಬುಡನ್‌ಗಿರಿಯ ಕಾಫಿ ಬಂದದ್ದು ಕೆಂಪು ಸಮುದ್ರದ ಆಚೆ ದಡದ ಯೆಮನ್‌ನಿಂದ ಎಂದು ನಂಬಿಕೆ. ನಮ್ಮ ಕಾಫಿ ಹಣ್ಣು ಕೊಯ್ಯುವ, ಪಲ್ಪ್ ಮಾಡುವ, ಕಣದಲ್ಲಿ ಒಣಗಿಸುವ ಕ್ರಮವನ್ನು ನೀವು ಹೇಳಿ. ಹೋಲಿಕೆಯ ಪಾಠವೂ ಆಯಿತು, ಯಾರಿಗೂ ಕೇಡಿಲ್ಲ.

ಇನ್ನೊಂದು ಅನುಕೂಲ ನಿಮಗಿದೆ. ಎರಿಟ್ರಿಯಾದಲ್ಲಿ ಹೆಚ್ಚು ಜನ ಆಡುವ ಟಿಗ್ರಿನ್ಯಾ ಭಾಷೆಯನ್ನು ಬರೆಯುವ ಗೀಜ್ ಲಿಪಿ ನಮ್ಮ ಕಾಗುಣಿತದ ಹಾಗೆಯೇ. ಒಂದೊಂದು ವ್ಯಂಜನಕ್ಕೆ ಸ್ವರ ಸೇರಿ ಏಳು ರೂಪ, ಬರೆದಂತೆ ಓದು. ಅಲ್ಲಿಂದ ಬಂದ ಮಗುವಿಗೆ ಇಂಗ್ಲಿಷಿನ ‘ಎ’ ಅಕ್ಷರ ಒಮ್ಮೆ ಒಂದು, ಮತ್ತೊಮ್ಮೆ ಇನ್ನೊಂದು ಉಚ್ಚಾರ ಪಡೆಯುವುದು ನಮ್ಮ ಮಕ್ಕಳಿಗೆ ಆಗುವಷ್ಟೇ ಗೊಂದಲ. ಇದನ್ನು ಇಂಗ್ಲೆಂಡಿನವರಿಗಿಂತ ನೀವು ಚೆನ್ನಾಗಿ ಬಲ್ಲಿರಿ. ಅಲ್ಲಿ ಮೊದಲ ಐದು ತರಗತಿ ಮಾತೃಭಾಷೆಯಲ್ಲಿ, ಆರರಿಂದ ಎಲ್ಲ ವಿಷಯವೂ ಇಂಗ್ಲಿಷಿನಲ್ಲಿ. ಆ ಜಿಗಿತದಲ್ಲಿ ಬಿದ್ದವರು ಕಾಲೇಜಿಗೆ ಬಂದಾಗಲೂ ತಡವರಿಸುತ್ತಾರೆ. ಟಿಗ್ರಿನ್ಯಾದಲ್ಲಿ ‘ಪ’ ಮತ್ತು ‘ವ’ ಎರವಲು ಪದಗಳಲ್ಲಿ ಮಾತ್ರ ಬರುವುದರಿಂದ ಅವೆರಡು ‘ಬ’ ಆಗುವುದು ಸಹಜ. ಮೊದಲ ತಿಂಗಳು ದಿನಕ್ಕೆ ಐದು ನಿಮಿಷ ಅದಕ್ಕೇ ಇಡಿ.

ಯಾರಾದರೂ ಪ್ರಬಂಧದಲ್ಲಿ ಬರೆಯಬಾರದ್ದನ್ನು ಬರೆದುಬಿಟ್ಟರೆ ಭಾಷೆಯ ತಪ್ಪು ಮಾತ್ರ ತಿದ್ದಿ, ವಿಷಯದ ಬಗ್ಗೆ ಒಂದಕ್ಷರವೂ ಬೇಡ. ಅದೇ ದಿನ ಕೈಗೇ ವಾಪಸು ಕೊಡಿ. ಸ್ಟಾಫ್ ರೂಮಿನ ಮೇಜಿನ ಮೇಲೆ ಇಡಬೇಡಿ, ಫೋಟೊ ತೆಗೆಯಬೇಡಿ, ‘ಧೈರ್ಯವಾಗಿ ಬರೆದಿದ್ದೀಯ’ ಎಂದು ಎಲ್ಲರೆದುರು ಹೊಗಳಲೇಬೇಡಿ.

ಮೊಬೈಲ್ ಡೇಟಾ ಇಲ್ಲದ ಊರು ಅದು. ನಿಘಂಟು, ಆಲಿಸುವ ಪಾಠದ ಆಡಿಯೊ ಎಲ್ಲ ಹೊರಡುವ ಮುನ್ನವೇ ಇಳಿಸಿಕೊಳ್ಳಿ. ಪ್ರಿಂಟ್ ಒಯ್ಯುವುದಾದರೆ ಲೆಕ್ಕ ಹಾಕಿ: ಎ4 ಹಾಳೆ 500 ಸೇರಿದರೆ ಎರಡೂವರೆ ಕಿಲೋ. 40 ಚಿತ್ರಗಳನ್ನು ಲ್ಯಾಮಿನೇಟ್ ಮಾಡಿಸಿದರೆ ಎರಡು ವರ್ಷ ಬಾಳುತ್ತವೆ. ಫೋನಿನಲ್ಲಿರುವ ವಾಟ್ಸಾಪ್ ಫಾರ್ವರ್ಡುಗಳನ್ನು ಅಳಿಸಿ. ವಿದ್ಯಾರ್ಥಿಗಳಿಗೆ ಪೆನ್‌ಡ್ರೈವ್ ಮಾತ್ರ ಕೊಡಬೇಡಿ, ಪ್ರೀತಿಯಿಂದಾದರೂ.

ಪ್ರಶ್ನೆ: ಮಗ ಚೀನಾದಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಭಾನುವಾರ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು ಕೈಖರ್ಚು ದುಡಿಯುತ್ತೇನೆ ಎನ್ನುತ್ತಾನೆ. — ಚನ್ನರಾಯಪಟ್ಟಣದ ತಂದೆ

ಇವತ್ತೇ ಬೇಡ ಎನ್ನಿ. ವಿದ್ಯಾರ್ಥಿಯ ನಿವಾಸ ಪರವಾನಗಿಯಲ್ಲಿ ಹೊರಗಿನ ಕೆಲಸದ ನಮೂದು ಇಲ್ಲದಿದ್ದರೆ ಅದು ಅಕ್ರಮ ಉದ್ಯೋಗ. 2013ರ ಜುಲೈ 1ರಿಂದ ಜಾರಿಯಲ್ಲಿರುವ ಅಲ್ಲಿನ ಪ್ರವೇಶ-ನಿರ್ಗಮನ ಕಾನೂನಿನ ಪ್ರಕಾರ 5,000ದಿಂದ 20,000 ಯುವಾನ್ ದಂಡ. ಗಂಭೀರ ಎನಿಸಿದರೆ 5ರಿಂದ 15 ದಿನ ಬಂಧನವೂ ಉಂಟು. ಗಡೀಪಾರಾದರೆ ಡಾಕ್ಟರ್ ಓದು ಅರ್ಧಕ್ಕೆ ನಿಲ್ಲುತ್ತದೆ. ಇಂಗ್ಲಿಷ್ ಶಿಕ್ಷಕರಾಗಿ ಕೆಲಸದ ವೀಸಾ ಕೊಡುವಾಗ ಇಂಗ್ಲಿಷ್ ಮನೆಮಾತಿನ ದೇಶಗಳ ಪಾಸ್‌ಪೋರ್ಟನ್ನೇ ನೋಡುತ್ತಾರೆ. ಅದಕ್ಕೇ ಸಣ್ಣ ಕೇಂದ್ರಗಳು ಭಾರತದ ವಿದ್ಯಾರ್ಥಿಗಳನ್ನು ಕಡಿಮೆ ಹಣಕ್ಕೆ ಗುಟ್ಟಾಗಿ ಇಟ್ಟುಕೊಳ್ಳುವುದು. ಮೇಲಾಗಿ 2021ರ ಜುಲೈನಿಂದ ಶಾಲಾಮಕ್ಕಳ ವಾರಾಂತ್ಯದ ವಿಷಯವಾರು ಟ್ಯೂಷನ್ನಿಗೇ ಅಲ್ಲಿ ತಡೆ ಇದೆ. ತಪಾಸಣೆ ಬಂದಾಗ ಹಿಂದಿನ ಬಾಗಿಲಿನಿಂದ ಓಡಿಸುವ ಕೆಲಸಕ್ಕೆ ಮಗನನ್ನು ಕಳುಹಿಸಬೇಡಿ.

ಪ್ರಶ್ನೆ: ಉತ್ತರ ಕೊರಿಯಾದಲ್ಲಿ ಒಳ್ಳೆಯ ಸಂಬಳಕ್ಕೆ ಇಂಗ್ಲಿಷ್ ಪ್ರಾಧ್ಯಾಪಕರು ಬೇಕಾಗಿದ್ದಾರೆ ಎಂಬ ಜಾಹೀರಾತು ನಿಜವೇ? — ಚಿಕ್ಕಮಗಳೂರಿನ ಓದುಗರು

‘ಒಳ್ಳೆಯ ಸಂಬಳ’ ಎಂಬ ಮಾತೇ ಸಂಶಯಕ್ಕೆ ಸಾಕು. ಅಲ್ಲಿ ವಿದೇಶಿಯರು ಇಂಗ್ಲಿಷಿನಲ್ಲಿ ಪಾಠ ಮಾಡಿದ ಮುಖ್ಯ ಸಂಸ್ಥೆ 2010ರಲ್ಲಿ ಪಾಠ ಶುರುಮಾಡಿದ ಪ್ಯಾಂಗ್‌ಯಾಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ. ಅಲ್ಲಿಗೆ ಹೋದವರು ಸಂಬಳವಿಲ್ಲದ ಸ್ವಯಂಸೇವಕರು. ಖರ್ಚಿಗೆ ತಮ್ಮ ದೇಶದ ದಾನಿಗಳನ್ನು ನೆಚ್ಚಿಕೊಂಡವರು. ಆ ಸಂಸ್ಥೆಯೊಂದಿಗೆ ಕೆಲಸ ಮಾಡಿದ್ದ ಇಬ್ಬರು ಅಮೆರಿಕನ್ನರು 2017ರಲ್ಲಿ ಬಂಧಿತರಾಗಿ, 2018ರ ಮೇನಲ್ಲಿ ಬಿಡುಗಡೆಯಾದರು. 2020ರ ಜನವರಿಯಲ್ಲಿ ಗಡಿಯೇ ಮುಚ್ಚಿತು. ಏಜೆಂಟರ ಮೂಲಕ ಹಣ ಕಟ್ಟಿ ಹೋಗುವ ಜಾಗ ಅದಲ್ಲ.

ಪ್ರಶ್ನೆ: ಮಗಳು ಇಂಥದ್ದೇ ದೇಶಕ್ಕೆ ಹೊರಟಿದ್ದಾಳೆ. ಫೋನಿನಲ್ಲಿ ಏನು ಮಾತಾಡಬಹುದು? ಫೋನು ಬರದಿದ್ದರೆ ಏನು ಮಾಡಲಿ? — ಮೂಡಿಗೆರೆಯ ತಾಯಿ

ಅಮ್ಮಾ, ಕನ್ನಡದಲ್ಲಿ ಧಾರಾಳವಾಗಿ ಮಾತಾಡಿ: ಊಟ, ಮಳೆ, ಮನೆಯವರ ಆರೋಗ್ಯ. ಯಾರಿಗೂ ಅರ್ಥವಾಗುವುದಿಲ್ಲ ಎಂದು ಅಲ್ಲಿನ ಸರ್ಕಾರದ ವಿಷಯ ಮಾತ್ರ ಎತ್ತಬೇಡಿ. ಗುಟ್ಟಿನ ಸಂಕೇತಗಳೂ ಬೇಡ, ಅವು ಏನೋ ಮುಚ್ಚಿಡುತ್ತಿದ್ದೀರಿ ಎಂಬಂತೆ ಕಾಣುತ್ತವೆ. ವಾರದಲ್ಲಿ ಒಂದು ದಿನ, ಒಂದು ಹೊತ್ತು ನಿಗದಿ ಮಾಡಿಕೊಳ್ಳಿ. ಲೈನು ಸಿಗದೆ ಒಂದು ಸಲ ತಪ್ಪುವುದು ಅಲ್ಲಿ ಮಾಮೂಲು.

ಹೊರಡುವ ಮುನ್ನ ಅವಳ ಪಾಸ್‌ಪೋರ್ಟ್, ವೀಸಾ, ಕರಾರುಪತ್ರದ ಎರಡೆರಡು ಜೆರಾಕ್ಸ್ ಮನೆಯಲ್ಲಿರಲಿ. ಕಾಲೇಜಿನ ಕಚೇರಿ ಫೋನು, ಜೊತೆಯಲ್ಲಿರುವ ಒಬ್ಬರಾದರೂ ಭಾರತೀಯ ಸಹೋದ್ಯೋಗಿಯ ಮನೆಯ ಫೋನು, ಆ ದೇಶವನ್ನು ನೋಡಿಕೊಳ್ಳುವ ಭಾರತದ ರಾಯಭಾರ ಕಚೇರಿಯ ಫೋನು ಒಂದೇ ಹಾಳೆಯಲ್ಲಿ ಬರೆದಿಡಿ. ತಲುಪಿದ ವಾರವೇ ಅವಳು ಆ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು.

ಎರಡು ವಾರದ ಮಾತುಕತೆ ಎರಡೂ ತಪ್ಪಿದರೆ ಮೊದಲು ಸಹೋದ್ಯೋಗಿಯ ಮನೆಗೆ ಫೋನ್ ಮಾಡಿ, ಬಹಳ ಸಲ ಸುದ್ದಿ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಕಾಲೇಜು, ನಂತರ ರಾಯಭಾರ ಕಚೇರಿ. ಜೊತೆಗೇ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಹಾಕಿ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಅದೇ ಹಾಳೆಯಲ್ಲಿ ಬರೆದುಕೊಳ್ಳಿ. ರಾಯಭಾರ ಕಚೇರಿಯ ಉತ್ತರ ಬರುವ ಮೊದಲು ಫೇಸ್‌ಬುಕ್ಕಿಗೂ ಟಿವಿಯವರಿಗೂ ಹೇಳಬೇಡಿ. ಒಳಗೊಳಗೇ ಬಗೆಹರಿಯುತ್ತಿದ್ದ ವಿಷಯ ಆ ದೇಶದವರಿಗೆ ಮಾನದ ಪ್ರಶ್ನೆಯಾದರೆ ಅವಳು ಹೊರಬರುವುದು ತಡವಾಗುತ್ತದೆ.