ಬ್ಯಾಟರಿ ಸಾಲುತ್ತಿಲ್ಲವೆಂದು ಬ್ಯಾಟರಿ ಕೂಡಿಸಬೇಡಿ

600 ವ್ಯಾಟ್ ಸೋಲಾರ್ ಪ್ಯಾನೆಲ್, ನಾಲ್ಕು ಬ್ಯಾಟರಿ, ಮೋಡ ಮುಸುಕಿದ ದಿನ ರಾತ್ರಿ ಹತ್ತಕ್ಕೇ ಇನ್ವರ್ಟರ್ ಕೂಗಿ ಆಫ್. ಇನ್ನೆರಡು ಬ್ಯಾಟರಿ ಹಾಕಿದರೆ ಗ್ರಿಡ್ (ಊರಿನ ಕರೆಂಟು ಲೈನು) ಬಿಟ್ಟುಬಿಡಬಹುದೇ, ಸ್ನಾನದ ನೀರಿಗೆ ಹೀಟರೋ ಸೌದೆ ಒಲೆಯೋ ಎಂದು ಕೇಳಿದ್ದೀರಿ. ನನ್ನದೂ ಇದೇ ನಾಲ್ಕು ಬ್ಯಾಟರಿ, ಇದೇ 600 ವ್ಯಾಟ್. ನಾನು ಯಾರನ್ನೂ ಕೇಳದೆ ಆ ಎರಡು ಬ್ಯಾಟರಿ ತಂದು ಹಾಕಿದೆ. ಎರಡು ವರ್ಷ ತುಂಬುವುದರೊಳಗೆ ಆರೂ ಗುಜರಿಗೆ ಹೋದವು.

ಆ ತಪ್ಪನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಾಡುವಾಗ ಅದು ತಪ್ಪೆಂದು ತೋಚುವುದೇ ಇಲ್ಲ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು. ಎರಡೆರಡು ಸರಣಿಯಲ್ಲಿ (ಒಂದರ ಹಿಂದೊಂದು, ವೋಲ್ಟ್ ಕೂಡುವಂತೆ), ಆ ಎರಡು ಜೋಡಿ ಅಕ್ಕಪಕ್ಕ, ಸಾಮರ್ಥ್ಯ ಕೂಡುವಂತೆ, ಪ್ಯಾರಲಲ್‌ನಲ್ಲಿ. ಅಂದರೆ 24 ವೋಲ್ಟಿಗೆ 300 ಆಂಪಿಯರ್-ಅವರ್, ಕಾಗದದ ಮೇಲೆ 24 × 300 = 7,200 ವ್ಯಾಟ್-ಅವರ್, ಅಂದರೆ 7.2 ಯೂನಿಟ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಬಳಕೆಗೆ 3.6 ಯೂನಿಟ್. ದಿನದ ಖರ್ಚು 2 ಯೂನಿಟ್ ಎಂದು ಬರೆದುಕೊಂಡಿದ್ದೆ. ಧಾರಾಳವಾಗಿ ಸಾಕು ಅನಿಸಿತ್ತು.

ಆದರೆ ಒಳಗೆ ಬರುತ್ತಿದ್ದುದೆಷ್ಟು? ಒಳ್ಳೆಯ ಬಿಸಿಲಿನ ದಿನಕ್ಕೆ ಬೆಳಗಿನಿಂದ ಸಂಜೆಯವರೆಗಿನದೆಲ್ಲ ಕೂಡಿಸಿ ಪೂರ್ಣ ಬಿಸಿಲಿನ 5 ಗಂಟೆ ಎಂದು ಹಿಡಿಯಿರಿ. ಪ್ಯಾನೆಲ್ ಕಾದಾಗಿನ ನಷ್ಟ, ಧೂಳು, ಕೇಬಲ್, ಬ್ಯಾಟರಿಗೆ ಹೋಗುವ ಚಾರ್ಜನ್ನು ಹತೋಟಿಯಲ್ಲಿಡುವ ಕಂಟ್ರೋಲರ್, ಬ್ಯಾಟರಿಯ ಒಳನಷ್ಟ ಎಲ್ಲ ಕಳೆದರೆ ಕೈಗೆ ಸಿಗುವುದು ಹೆಚ್ಚೆಂದರೆ 0.7 ಪಾಲು. 600 × 5 × 0.7 ಅಂದರೆ 2.1 ಯೂನಿಟ್, ಖರ್ಚಿಗೆ ಅಲ್ಲಿಂದಲ್ಲಿಗೆ. ಮೋಡದ ತಿಂಗಳಲ್ಲಿ ಪೂರ್ಣ ಬಿಸಿಲು 2 ಗಂಟೆಗೆ ಇಳಿದರೆ ಬರುವುದು 0.84 ಯೂನಿಟ್. ಇನ್ನೂ ಒಂದನ್ನು ನಾನು ಪಟ್ಟಿಗೇ ಸೇರಿಸಿರಲಿಲ್ಲ: ಇನ್ವರ್ಟರಿನ ಸ್ವಂತ ಊಟ. 3 ಕಿಲೋವ್ಯಾಟಿನ ನನ್ನ ಇನ್ವರ್ಟರ್ ಯಾವ ಲೋಡೂ ಇಲ್ಲದೆ ಸುಮ್ಮನೆ ಉರಿಯಲು 35 ವ್ಯಾಟ್ ತಿನ್ನುತ್ತಿತ್ತು. 24 ಗಂಟೆಗೆ 840 ವ್ಯಾಟ್-ಅವರ್. ಮೋಡದ ದಿನ ಪ್ಯಾನೆಲ್ ದುಡಿದದ್ದೆಲ್ಲ ಅದೊಂದಕ್ಕೇ ಸರಿಹೋಗುತ್ತಿತ್ತು. ದೀಪ, ಫ್ಯಾನ್, ಫ್ರಿಜ್ ಎಲ್ಲ ನಡೆಯುತ್ತಿದ್ದುದು ಹಿಂದಿನ ದಿನಗಳ ಉಳಿಕೆಯ ಮೇಲೆ.

ಇಂಥ ಸ್ಥಿತಿಯಲ್ಲಿ ಬ್ಯಾಟರಿ ಕೂಡಿಸಿದರೆ ಆಗುವುದೇನು ನೋಡಿ. ಸೀಸದ ಬ್ಯಾಟರಿ ಖಾಲಿಯಾಗುವಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಪೂರ್ತಿ ಚಾರ್ಜ್ ಆದರೆ ಅದು ಕರಗಿ ಆಸಿಡ್‌ಗೆ ಮರಳುತ್ತದೆ. ವಾರಗಟ್ಟಲೆ ಅರೆಚಾರ್ಜಿನಲ್ಲೇ ಬಿಟ್ಟರೆ ಹರಳು ದಪ್ಪಗಟ್ಟಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಪೂರ್ತಿ ಚಾರ್ಜ್ ಆಗಲು ಕರೆಂಟು ಸಾಮರ್ಥ್ಯದ ಶೇ. 10ರಷ್ಟಾದರೂ ಬೇಕು: 300ಕ್ಕೆ 30 ಆಂಪಿಯರ್. ನನ್ನ ಪ್ಯಾನೆಲ್ ನಡುಮಧ್ಯಾಹ್ನದಲ್ಲೂ 22 ಆಂಪಿಯರ್ ದಾಟುತ್ತಿರಲಿಲ್ಲ. ಎರಡು ಬ್ಯಾಟರಿ ಸೇರಿಸಿ 450 ಆಂಪಿಯರ್-ಅವರ್ ಮಾಡಿದ ಮೇಲೆ ಬೇಕಾದದ್ದು 45, ಬರುತ್ತಿದ್ದುದು ಅದೇ 22. ಅದೂ ಅಲ್ಲದೆ ಕೊನೆಯ ಶೇ. 20 ತುಂಬಲು, ವೋಲ್ಟೇಜ್ 28.8ರಲ್ಲಿ ನಿಂತು, ಮೂರು ನಾಲ್ಕು ಗಂಟೆ ಬೇಕು. ನನ್ನ ಮೀಟರ್ ಆ 28.8 ಮುಟ್ಟುವ ಹೊತ್ತಿಗೆ ಬಿಸಿಲೇ ಇರುತ್ತಿರಲಿಲ್ಲ. ಮೊದಲ ಕೆಲವು ವಾರ ಎಲ್ಲ ಚೆನ್ನಾಗಿದೆ ಅನಿಸಿತು, ಏಕೆಂದರೆ ಹೊಸ ಬ್ಯಾಟರಿ ಅಂಗಡಿಯಿಂದ ಬರುವಾಗಲೇ ತುಂಬಿಕೊಂಡು ಬಂದಿತ್ತು. ಅದನ್ನು ಖರ್ಚು ಮಾಡುತ್ತಿದ್ದೆ ಅಷ್ಟೇ. ಹಳೆಯವು ಹೊಸದನ್ನು ತಮ್ಮ ಮಟ್ಟಕ್ಕೆ ಎಳೆದವು. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಬುರುಡೆ ತುಂಬಿದ ಸೆಲ್ಲಿನಲ್ಲಿ (12 ವೋಲ್ಟಿನ ಒಂದು ಬ್ಯಾಟರಿಯೊಳಗೆ ಇಂಥ ಆರು ಕೋಶ) 1.265ಕ್ಕೆ ತೇಲಬೇಕಿತ್ತು. ನನ್ನವು 1.200ರಲ್ಲಿ ತೂಗಾಡುತ್ತಿದ್ದವು, ಒಂದು ಸೆಲ್ ಅಂತೂ 1.150. ಟಾರ್ಚ್ ಹಾಕಿ ಮುಚ್ಚಳದೊಳಗೆ ಇಣುಕಿದರೆ ಪ್ಲೇಟಿನ ಅಂಚಿಗೆ ಬಿಳಿ ಪೊರೆ. ಫ್ರಿಜ್ ಕಂಪ್ರೆಸರ್ ಶುರುವಾದಾಗೆಲ್ಲ 25 ವೋಲ್ಟ್ 22ಕ್ಕೆ ಕುಸಿಯುತ್ತಿತ್ತು.

ಹಾಗಾಗಿ ನನ್ನ ಮಾತು ಖಡಾಖಂಡಿತ: ಬ್ಯಾಟರಿ ಬೇಡ, ಪ್ಯಾನೆಲ್ ಹಾಕಿ. ಪ್ಯಾನೆಲ್ 25 ವರ್ಷ ಬಾಳುತ್ತದೆ, ಮೋಡದ ದಿನವೂ ಏನಾದರೊಂದು ಕೊಡುತ್ತದೆ. ಲಿಥಿಯಂ ಐರನ್ ಫಾಸ್ಫೇಟ್‌ಗೆ ಬದಲಾಯಿಸುತ್ತೇನೆ ಎಂದರೆ ಒಳ್ಳೆಯದೇ. ಅದಕ್ಕೆ ಅರೆಚಾರ್ಜಿನಲ್ಲಿ ಇದ್ದರೆ ಸಲ್ಫೇಟಿನ ಕಾಟವಿಲ್ಲ, ಶೇ. 80ರವರೆಗೆ ಬಳಸಬಹುದು. 0 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಮಾತ್ರ ಚಾರ್ಜ್ ಮಾಡಬಾರದು. ಆದರೆ ಬಾರದ ಕರೆಂಟನ್ನು ಅದೂ ಹುಟ್ಟಿಸುವುದಿಲ್ಲ.

ಲೆಕ್ಕವನ್ನು ಅತಿ ಕೆಟ್ಟ ತಿಂಗಳಿನಿಂದ ಶುರುಮಾಡಿ; ವರ್ಷದ ಸರಾಸರಿ ನಂಬಿ ಕೆಟ್ಟವರೇ ಹೆಚ್ಚು. ಇನ್ವರ್ಟರಿನ ಊಟವೂ ಸೇರಿ ದಿನಕ್ಕೆ 1.5 ಯೂನಿಟ್, ಕೆಟ್ಟ ತಿಂಗಳ ಬಿಸಿಲು 2 ಗಂಟೆ ಎಂದುಕೊಳ್ಳಿ. 1500 ÷ (2 × 0.7) ಅಂದರೆ ಸುಮಾರು 1,100 ವ್ಯಾಟ್ ಪ್ಯಾನೆಲ್. ಸೀಸದ ಬ್ಯಾಟರಿಯಲ್ಲಿ ಒಂದೂವರೆ ದಿನದ ದಾಸ್ತಾನು ಸಾಕು: 1.5 × 1.5 ÷ 0.5 ಅಂದರೆ 4.5 ಯೂನಿಟ್, 24 ವೋಲ್ಟಿಗೆ 200 ಆಂಪಿಯರ್-ಅವರ್ ಹತ್ತಿರ. ಕಂಟ್ರೋಲರಿನಲ್ಲಿ ಚಾರ್ಜಿಂಗ್ ಕರೆಂಟಿನ ಮಿತಿಯನ್ನು 30 ಆಂಪಿಯರಿಗೆ ಕಟ್ಟಿ. ಇನ್ವರ್ಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಕಿಲೋವ್ಯಾಟ್‌ಗಿಂತ ಮೊದಲು ನೋ-ಲೋಡ್ ಖರ್ಚು ಕೇಳಿ. ಪ್ಯಾರಲಲ್ ಜೋಡಿಯಿದ್ದರೆ ಪಾಸಿಟಿವ್ ತಂತಿಯನ್ನು ಒಂದು ಕೊನೆಯ ಜೋಡಿಯಿಂದ, ನೆಗೆಟಿವ್ ಅನ್ನು ಇನ್ನೊಂದು ಕೊನೆಯದರಿಂದ ತೆಗೆಯಿರಿ. ಒಂದೇ ಕಡೆಯಿಂದ ಎಳೆದರೆ ಹತ್ತಿರದ ಜೋಡಿ ಹೆಚ್ಚು ದುಡಿದು ಬೇಗ ಸಾಯುತ್ತದೆ. ಫ್ಯೂಸ್ ಬ್ಯಾಟರಿಯ ಟರ್ಮಿನಲ್ ಪಕ್ಕದಲ್ಲೇ ಇರಲಿ, ಬ್ರೇಕರ್ ಡಿಸಿಗೆಂದೇ (ಬ್ಯಾಟರಿ, ಪ್ಯಾನೆಲ್ಲಿನ ಒಂದೇ ದಿಕ್ಕಿನ ಕರೆಂಟಿಗೆಂದೇ) ಮಾಡಿದ್ದಾಗಿರಲಿ. ಎಸಿಯಲ್ಲಿ ಕರೆಂಟ್ ಪ್ರತಿ ಚಕ್ರದಲ್ಲೂ ಸೊನ್ನೆ ದಾಟುವಾಗ ಕಿಡಿ ಆರುತ್ತದೆ, ಡಿಸಿಯಲ್ಲಿ ಅದು ಉರಿಯುತ್ತಲೇ ಇರುತ್ತದೆ.

ಇನ್ನು ಬಿಸಿನೀರು. ಹೀಟರೋ ಒಲೆಯೋ ಎಂದು ತೂಗಿ ನೋಡುವಂಥದ್ದೇನೂ ಇಲ್ಲ. 100 ಲೀಟರ್ ನೀರನ್ನು 40 ಡಿಗ್ರಿ ಮೇಲೇರಿಸಲು 4.65 ಯೂನಿಟ್ ಬೇಕು. ನಿಮ್ಮ ನಾಲ್ಕೂ ಬ್ಯಾಟರಿಯ ಬಳಕೆಯ ಪಾಲು ಸೇರಿಸಿದರೂ ಅಷ್ಟಿಲ್ಲ. ಅದೇ ಕೆಲಸಕ್ಕೆ ಒಣ ಸೌದೆ ಎರಡೂವರೆ ಕಿಲೋ ಸಾಕು: ಕಿಲೋಗೆ ಸುಮಾರು 4 ಯೂನಿಟ್ ಶಾಖ, ಅದರಲ್ಲಿ ಅರ್ಧ ನೀರಿಗೆ ಸೇರಿತು ಎಂದುಕೊಂಡರೂ. ಬಿಸಿಲಿರುವ ದಿನ ಸೋಲಾರ್ ವಾಟರ್ ಹೀಟರ್, ಇಲ್ಲದ ದಿನ ಒಲೆ, ಬ್ಯಾಟರಿ ಕರೆಂಟು ಬರೀ ದೀಪ, ಫ್ಯಾನ್, ಪಂಪ್, ಫ್ರಿಜ್, ಫೋನಿಗೆ.

ಸೌದೆಯಲ್ಲಿ ಸೋಲುವುದು ತೇವದಿಂದ. ಈಗಷ್ಟೇ ಕಡಿದ ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಒಂದು ಕಿಲೋ ನೀರು ಆವಿಯಾಗಲು 0.7 ಯೂನಿಟ್ ಶಾಖ ಹೋಗುತ್ತದೆ. ಅದಕ್ಕಿಂತ ದೊಡ್ಡ ಹಾನಿ, ಉರಿ ತಣ್ಣಗಾಗಿ ಹೊಗೆ ಸುಡದೆ ಮೇಲೇರಿ, ಚಿಮಣಿಯ ಗೋಡೆಗೆ ಟಾರಿನಂತೆ ಅಂಟುವುದು. ಇದೇ ಕ್ರಿಯೋಸೋಟ್. ಒಂದು ದಿನ ಹೊತ್ತಿಕೊಂಡರೆ ಚಿಮಣಿಯೇ ಕುಲುಮೆ. ತೇವ ಶೇ. 20ಕ್ಕಿಂತ ಕೆಳಗಿರಬೇಕು. ಮೊದಲು ಸೀಳಿ, ಆಮೇಲೆ ಪೇರಿಸಿ. ಇಡೀ ದಿಮ್ಮಿ ತೊಗಟೆಯೊಳಗೆ ವರ್ಷವಾದರೂ ಒಣಗುವುದಿಲ್ಲ. ನೆಲದಿಂದ ಒಂದು ಗೇಣು ಮೇಲೆ, ತಲೆಗೆ ಮಾತ್ರ ಮುಚ್ಚಿಗೆ, ಪಕ್ಕಗಳು ಗಾಳಿಗೆ ಬಿಟ್ಟು. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿದರೆ ಬೆವೆತು ಬೂಷ್ಟು ಹಿಡಿಯುತ್ತದೆ. ತೇವದ ಮೀಟರನ್ನು ಹೊರಮೈಗೆ ಚುಚ್ಚಿ ಸಮಾಧಾನ ಪಡಬೇಡಿ, ಒಂದು ತುಂಡನ್ನು ಆಗಲೇ ಸೀಳಿ ಒಳಮೈಗೆ ಚುಚ್ಚಿ. ಮೀಟರ್ ಇಲ್ಲದಿದ್ದರೆ ಎರಡು ತುಂಡು ತಾಡಿಸಿ: ಒಣಗಿದ್ದು ಟಣ್ಣೆನ್ನುತ್ತದೆ, ಹಸಿಯದ್ದು ಧಪ್ಪೆನ್ನುತ್ತದೆ. ಮೋಡದ ತಿಂಗಳಿಗೆ ಬೇಕಾದ ಸೌದೆ ಬಿಸಿಲಿನ ತಿಂಗಳಲ್ಲೇ ಒಣಗಿ ಒಳಗೆ ಸೇರಿರಬೇಕು, ಏಕೆಂದರೆ ಪ್ಯಾನೆಲ್ ಕೈಕೊಡುವ ಹೊತ್ತಿನಲ್ಲಿ ಸೌದೆಯೂ ಒಣಗುವುದಿಲ್ಲ.

ರಾತ್ರಿಯಿಡೀ ಉಳಿಯಲಿ ಎಂದು ಗಾಳಿಕಿಂಡಿ ಮುಚ್ಚಿ ಹೊಗೆಯಾಡಿಸುವ ಅಭ್ಯಾಸ ಬೇಡವೇ ಬೇಡ. ಗಾಳಿ ಬಿಟ್ಟು, ಜೋರಾಗಿ, ಸಣ್ಣ ಸೀಳಿನಲ್ಲಿ ಒಂದು ಗಂಟೆ ಉರಿಸಿ, ಶಾಖವನ್ನು ನೀರಿನಲ್ಲಿ ಇಲ್ಲವೇ ಇಟ್ಟಿಗೆಯಲ್ಲಿ ಹಿಡಿದಿಡಿ. ಚಿಮಣಿ ಆದಷ್ಟು ನೇರವಾಗಿ, ಮನೆಯ ಒಳಗಿಂದಲೇ ಮೇಲೇರಲಿ. ಹೊರಗೋಡೆಗೆ ಹಾಯಿಸಿದರೆ ತಣ್ಣಗಾಗಿ ಎಳೆತ ಕಡಿಮೆಯಾಗುತ್ತದೆ. ಚಾವಣಿ ದಾಟಿದಲ್ಲಿಂದ ಕನಿಷ್ಠ 3 ಅಡಿ, ಸುತ್ತಲಿನ 10 ಅಡಿಯೊಳಗಿನ ಯಾವುದೇ ಎತ್ತರಕ್ಕಿಂತ 2 ಅಡಿ ಮೇಲಿರಲಿ. ಮಸಿ 3 ಮಿಲಿಮೀಟರ್ ಕಟ್ಟುವುದರೊಳಗೆ ಬ್ರಷ್ ಹಾಕಿ. ಒಲೆ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕೇ ಬೇಕು, ಆ ಅನಿಲಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ ಹೊರಗಿಡಿ, ಒಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ.

ಒಲೆಗೆ ನೀರಿನ ಕಾಯಿಲ್ ಸೇರಿಸುವಿರಾದರೆ ಪಂಪ್ ಇಲ್ಲದೆ ನಡೆಯುವಂತೆ ಮಾಡಿ. ಟ್ಯಾಂಕು ಒಲೆಗಿಂತ ಮೇಲೆ, ಬಿಸಿ ಕೊಳವೆ ಎಲ್ಲೂ ತಗ್ಗದೆ ಏರುತ್ತಲೇ ಹೋಗಬೇಕು, ಒಂದು ಇಂಚಿಗಿಂತ ಸಣ್ಣದು ಬೇಡ. ಬಿಸಿನೀರು ತಾನೇ ಮೇಲೇರಿ ತಣ್ಣೀರು ಕೆಳಗಿಳಿಯುತ್ತದೆ. ಪಂಪ್ ನೆಚ್ಚಿದ್ದರೆ ಬ್ಯಾಟರಿ ಆಫ್ ಆದ ರಾತ್ರಿ ಒಲೆ ಉರಿಯುತ್ತಲೇ ಇರುತ್ತದೆ, ಕಾಯಿಲ್‌ನೊಳಗಿನ ನೀರು ನಿಂತಲ್ಲೇ ಕುದಿಯುತ್ತದೆ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಮೇಲೆ ತೆರೆದ ವೆಂಟ್ ಕೊಳವೆ ಇರಲಿ, ಅದಕ್ಕೆ ಯಾವ ಕಾರಣಕ್ಕೂ ವಾಲ್ವ್ ಹಾಕಬೇಡಿ.

ಗ್ರಿಡ್ ಬಿಡುವ ಮಾತಂತೂ ಸದ್ಯಕ್ಕೆ ತಲೆಯಿಂದ ತೆಗೆಯಿರಿ. ಇರುವ ಲೈನಿಗೆ ಒಂದು ಚಾರ್ಜರ್ ಸಿಕ್ಕಿಸಿಕೊಳ್ಳಿ, ವಾರಕ್ಕೊಮ್ಮೆಯಾದರೂ ಬ್ಯಾಟರಿ ಪೂರ್ತಿ ತುಂಬಲಿ. ಈ ವಾರವೇ ಮಾಡಿ: ಮೊದಲು ಪ್ಲೇಟು ಮುಳುಗಿವೆಯೇ ನೋಡಿ, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ ಬರೀ ಪ್ಲೇಟು ಮುಚ್ಚಿಸಿ. 28.8 ವೋಲ್ಟಿನಲ್ಲಿ ಹಿಡಿದು, ಕರೆಂಟು 6 ಆಂಪಿಯರಿಗೆ ಇಳಿಯುವವರೆಗೆ ಬಿಡಿ, ನಂತರ ಗುರುತಿನ ಮಟ್ಟಕ್ಕೆ ನೀರು ತುಂಬಿಸಿ. ಮಾರನೆಯ ಚಾರ್ಜಿನ ನಂತರ 24 ಸೆಲ್ಲಿಗೂ ಹೈಡ್ರೋಮೀಟರ್ ಇಳಿಸಿ ಬರೆದುಕೊಳ್ಳಿ. ನೀರು ಹಾಕುವ ಬಗೆಯ ಬ್ಯಾಟರಿಯಾಗಿದ್ದು ಸೆಲ್ಲುಗಳ ನಡುವೆ 0.030ಕ್ಕಿಂತ ಹೆಚ್ಚು ಅಂತರ ಕಂಡರೆ, ಕಿಟಕಿ ತೆರೆದಿಟ್ಟು 31 ವೋಲ್ಟಿನಲ್ಲಿ ಎರಡು ಮೂರು ಗಂಟೆ ಈಕ್ವಲೈಜ್ ಮಾಡಿ (ಸೆಲ್ಲುಗಳನ್ನು ಸಮಮಟ್ಟಕ್ಕೆ ತರಲು ಬೇಕೆಂದೇ ಹೆಚ್ಚು ಚಾರ್ಜ್ ಮಾಡುವುದು), ಗಂಟೆಗೊಮ್ಮೆ ಮತ್ತೆ ಅಳೆಯಿರಿ. ಏರುತ್ತಿದ್ದರೆ ಬ್ಯಾಟರಿಗೆ ಇನ್ನೂ ಜೀವವಿದೆ, ಪ್ಯಾನೆಲ್ ಸೇರಿಸಿ ಉಳಿಸಿಕೊಳ್ಳಬಹುದು. ಒಂದೇ ಸೆಲ್ ಮೂರು ಸಲವೂ ಅಲ್ಲೇ ನಿಂತರೆ, ಆ ಬ್ಯಾಟರಿಯನ್ನೂ ಅದರ ಸರಣಿಯ ಜೊತೆಗಾರನನ್ನೂ ಬಿಚ್ಚಿಟ್ಟು ಉಳಿದ ಜೋಡಿಯಲ್ಲೇ ನಡೆಸಿ. 600 ವ್ಯಾಟಿಗೆ ಆ 150 ಆಂಪಿಯರ್-ಅವರ್ ಜೋಡಿಯೇ ತಕ್ಕದ್ದು.